ಬಿಟ್ಟರೆ ಎರಡು ವಾರಕ್ಕೆ ಆಪರೇಷನ್

ದೌಲಪ್ಪನವರಿಗೆ ದಣಿವಾಗಿತ್ತು. ಯಾವತ್ತಿನಿಂದ ಎಂದು ಕೇಳಿದರೆ ಅವರಿಗೇ ನೆನಪಿರಲಿಲ್ಲ. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮನೆ. ಬೆಳಿಗ್ಗೆ ಎಂಟಕ್ಕೆ ಹೊರಟು, ಬಸ್ಸಿನಲ್ಲಿ ಒಂದು ತಾಸು ನಿಂತು, ಕಮಲಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಹಳೆಯ ಕಡತಗಳ ನಡುವೆ ಗುಮಾಸ್ತರಾಗಿ ಕುಳಿತು, ಸಂಜೆ ಮತ್ತೊಂದು ತಾಸು ನಿಂತು ಮನೆಗೆ ಬರುತ್ತಿದ್ದರು. ಸೀಟು ಖಾಲಿ ಇದ್ದರೂ ಕೂಡುತ್ತಿರಲಿಲ್ಲ. ಕೂತರೆ ನಿದ್ದೆ ಬರುತ್ತಿತ್ತು, ನಿದ್ದೆ ಬಂದರೆ ಕಮಲಾಪುರ ದಾಟಿ ಹುಮನಾಬಾದ್ ಬರುತ್ತಿತ್ತು. ಎರಡು ಸಲ ಹಾಗೆ ಹುಮನಾಬಾದ್ ನೋಡಿ ಬಂದ ಮೇಲೆ, ನಿಂತೇ ಹೋಗುವುದು ಕ್ಷೇಮವೆಂದು ತೀರ್ಮಾನಿಸಿದ್ದರು.

ಇಷ್ಟು ದಣಿದ ಮನುಷ್ಯನಿಗೂ ಒಂದು ಹೆಮ್ಮೆ ಇತ್ತು. ಓಣಿಯಲ್ಲಿ ಯಾರ ಮನೆಗೆ ಯಾವ ಕಾಗದ ಬಂದರೂ ಅದು ದೌಲಪ್ಪನವರ ಕೈಗೆ ಬರುತ್ತಿತ್ತು. ಕರೆಂಟ್ ಬಿಲ್ಲು, ವಿಮೆಯ ಪಾಲಿಸಿ, ಕೋರ್ಟಿನ ನೋಟಿಸು, ಯಾವುದೇ ಇರಲಿ, ಅವರು ಅದನ್ನು ತೋಳುದ್ದ ದೂರ ಹಿಡಿದು, ಹುಬ್ಬು ಗಂಟಿಕ್ಕಿ, "ಹೂಂ" ಎಂದು ಮೂರು ಸಲ ಹೇಳಿ ಅರ್ಥ ಬಿಡಿಸುತ್ತಿದ್ದರು. ಐದು ವರ್ಷದಿಂದ ಸಣ್ಣ ಅಕ್ಷರಗಳು ಅವರಿಗೆ ಇರುವೆ ಸಾಲಿನಂತೆ ಕಾಣುತ್ತಿದ್ದವು ಎಂಬುದು ಅವರಿಗೂ ಇರುವೆಗಳಿಗೂ ಮಾತ್ರ ಗೊತ್ತಿದ್ದ ಸಂಗತಿ. ಚಾಳೀಸು ಕನ್ನಡಕ ಹಾಕಿಕೊಂಡರೆ ಓಣಿಯವರು ಏನೆಂದಾರು ಎಂದು ಅವರು ಹಾಕಿಕೊಂಡಿರಲಿಲ್ಲ. ಬಹಳಷ್ಟು ಕಾಗದಗಳು ಬೇಗ ಹಣ ಕಟ್ಟಿ ಎಂದಷ್ಟೇ ಹೇಳುವುದರಿಂದ ಅವರ ಊಹೆ ಸರಿಹೋಗುತ್ತಲೇ ಇತ್ತು.

ಕಚೇರಿಯಲ್ಲಿ ಅವರ ಪಕ್ಕದ ಮೇಜಿನ ಶೀಲಾ ಒಂದು ದಿನ ಚೀಲದಿಂದ ದೊಡ್ಡ ಬಾಟಲಿಯೊಂದನ್ನು ತೆಗೆದು ಅವರ ಮುಂದಿಟ್ಟಳು.

"ಸರ್, ನಿಮ್ಮ ಮಾರಿ ನೋಡಿದ್ರ ನನಗೇ ನಿದ್ದಿ ಬರ್ತದ. ಇದು ತಗೊಂಡು ನೋಡ್ರಿ. ಗಜಬಲ. ಪೂರಾ ಗಿಡಮೂಲಿಕಿ."

ಬಾಟಲಿಯ ಮೇಲೆ ಆನೆಯೊಂದು ಎರಡು ಕಾಲ ಮೇಲೆ ನಿಂತು ಸೂರ್ಯನನ್ನು ಸೊಂಡಿಲಲ್ಲಿ ಎತ್ತಿತ್ತು. ಒಳಗೆ ನೂರಾ ಇಪ್ಪತ್ತು ಹಸಿರು ಗುಳಿಗೆ. ಶೀಲಾ ಯಾವುದೋ ಕಂಪನಿಗೆ ಸೇರಿ ಹೊಸದಾಗಿ ಇದನ್ನು ಹಂಚುತ್ತಿದ್ದಳು. ಗಿರಾಕಿ ಸಿಕ್ಕಿದ್ದರಿಂದ ಅವಳಿಗೂ, ಆನೆ ಸಿಕ್ಕಿದ್ದರಿಂದ ದೌಲಪ್ಪನವರಿಗೂ ಸಂತೋಷವಾಯಿತು.

ಸಂಜೆ ಮನೆಯಲ್ಲಿ ಹೆಂಡತಿ ಚಂದಮ್ಮ ಬಾಟಲಿಯನ್ನು ತಿರುಗಿಸಿ ನೋಡಿ ಗಂಡನ ಕೈಗೆ ಕೊಟ್ಟರು.

"ಹಿಂದ ಏನೇನೋ ಬರದಾರ. ಓದ್ರಿ ಮೊದಲ."

ದೌಲಪ್ಪ ತೋಳು ಚಾಚಿದರು. ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು. ಅದು ಸರಿಯಾಗಿಯೇ ಕಂಡಿತು. "ಔಷಧಕ್ಕಂತ ಬಳಸಬಾರದು ಅಂತ ಬರದಾರ."

"ಔಷಧ ಅಲ್ಲಂದ್ರ ಮತ್ತ ಯಾಕ ನುಂಗ್ತೀರಿ?"

"ಔಷಧ ಅಂಬೋದು ರೋಗ ಇದ್ದವರಿಗಿ. ಇದು ಅದಕ್ಕಿಂತ ಮ್ಯಾಲಿಂದು."

"ಮ್ಯಾಲಿಂದು ಅಂದ್ರ?"

"ಮ್ಯಾಲಿಂದು ಅಂದ್ರ ಮ್ಯಾಲಿಂದು. ನೀ ಚಹಾ ಇಡು."

"ಅದರ ಕೆಳಗ ಸಣ್ಣಂದು ಅಷ್ಟುದ್ದ ಅದಲ್ಲ?"

"ಅದು ಕಂಪನಿ ವಿಳಾಸ."

ಅಷ್ಟುದ್ದದ ವಿಳಾಸ ಯಾವ ಊರಿಗೂ ಇರಲಾರದು ಎಂದು ಚಂದಮ್ಮನಿಗೆ ಅನ್ನಿಸಿತು. ಆದರೆ ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು, ಹೋದರು. ಆ ವಿಳಾಸದಲ್ಲಿ ದಿನಕ್ಕೆ ಎರಡಕ್ಕಿಂತ ಹೆಚ್ಚು ಸೇವಿಸಬಾರದು ಎಂದಿತ್ತು. ದೌಲಪ್ಪನವರು ಮೂರು ಸೇವಿಸಿದರು. ದಣಿವು ದೊಡ್ಡದಾಗಿದ್ದಾಗ ಗುಳಿಗೆಯೂ ಹೆಚ್ಚಿರಬೇಕಲ್ಲ.

ಮರುದಿನ ಮಧ್ಯಾಹ್ನ ಅವರು ಎಂದಿನಂತೆ ಊಟಕ್ಕೆ ಅಕ್ಕನ ಮನೆಗೆ ಹೋದರು. ಅಕ್ಕ ಭುವನೇಶ್ವರಿ ಕಮಲಾಪುರದಲ್ಲಿಯೇ ಇದ್ದವರು, ಅರವತ್ತರ ಗಟ್ಟಿ ಹೆಂಗಸು. ಒಂದೂವರೆ ಎಕರೆ ಕೆಂಪು ಬಾಳೆಯ ತೋಟವನ್ನು ತಾವೇ ನೋಡಿಕೊಂಡು, ತಮ್ಮನಿಗೆ ದಿನಾ ಬಿಸಿ ರೊಟ್ಟಿ ಹಾಕುತ್ತಿದ್ದರು. ಈಚೆಗೆ ಉಂಡ ಮೇಲೆ ಪಕ್ಕೆ ಹಿಡಿದುಕೊಂಡು ಸುಮ್ಮನೆ ಕೂಡುತ್ತಿದ್ದರು. ತಮ್ಮ ಅದನ್ನು ದಣಿವೆಂದುಕೊಂಡರು. ಪ್ರಪಂಚದಲ್ಲಿ ಬೇರೆ ಕಾಯಿಲೆ ಇದೆಯೆಂದು ಅವರಿಗೆ ನಂಬಿಕೆಯೇ ಇರಲಿಲ್ಲ. ಉಪ್ಪಿನಕಾಯಿಯ ಖಾಲಿ ಡಬ್ಬಿ ತೊಳೆಸಿ, ಅರವತ್ತು ಗುಳಿಗೆ ಎಣಿಸಿ ಹಾಕಿ, "ಮುಂಜಾನಿ ಒಂದು, ಸಂಜಿಕಿ ಒಂದು ತಗೋ ಅಕ್ಕ. ಔಷಧ ಅಲ್ಲ, ಅದಕ್ಕಿಂತ ಮ್ಯಾಲಿಂದು. ಭಾರಿ ಛಲೋ ಅದ" ಎಂದರು. ಬಾಟಲಿಯೂ ಅದರ ಬೆನ್ನ ಮೇಲಿನ ಬರಹವೂ ಕಲಬುರಗಿಗೆ ಮರಳಿದವು. ಗುಳಿಗೆ ಕಮಲಾಪುರದಲ್ಲಿ ಉಳಿದವು.

ಹದಿನೈದು ದಿನ ಕಳೆಯಿತು. ಗಜಬಲ ದೌಲಪ್ಪನವರಿಗೆ ತೇಗು ಕೊಟ್ಟಿತು, ಎದೆಯುರಿ ಕೊಟ್ಟಿತು, ಇದ್ದ ನಿದ್ದೆಯನ್ನೂ ಕಿತ್ತುಕೊಂಡಿತು. ಮೊದಲು ಬರೀ ದಣಿದಿದ್ದವರು ಈಗ ತೇಗುತ್ತ ದಣಿದಿದ್ದರು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಂದಮ್ಮ ಬಾಟಲಿ ಹಿಡಿದು ನಿಂತರು.

"ಇವತ್ತಿಂದ ಇದು ಬಂದ್. ಚೆಲ್ಲಿಬಿಡ್ತಿನಿ ನೋಡ್ರಿ."

"ತಡಿ ತಡಿ. ಒಮ್ಮಿಗೇ ಬಿಟ್ರ ಏನರ ಆಗ್ತದೇನೋ. ಓದಿ ನೋಡ್ತಿನಿ."

ಬಿಸಿಲು ಚೆನ್ನಾಗಿತ್ತು. ದೌಲಪ್ಪ ಬಾಟಲಿಯನ್ನು ಹತ್ತಿರ ತಂದರು, ದೂರ ಒಯ್ದರು. ಇರುವೆ ಸಾಲಿನ ಮಧ್ಯೆ ಮೂರು ಮಾತು ಹೊಳೆದವು: ನಿಲ್ಲಿಸುವುದು, ಎರಡು ವಾರ, ಸರ್ಜರಿ. ನಡುವೆ 'ಮೊದಲು' ಎಂಬ ಪುಟ್ಟ ಪದವೊಂದಿತ್ತು, ಅದು ಕಾಣಲಿಲ್ಲ. ಶಸ್ತ್ರಚಿಕಿತ್ಸೆ ಇದ್ದವರು ಅದಕ್ಕೆ ಎರಡು ವಾರ ಮೊದಲೇ ಇದನ್ನು ನಿಲ್ಲಿಸಬೇಕು ಎಂಬುದು ಕಂಪನಿಯವರು ಹೇಳಿದ ಮಾತು. ದೌಲಪ್ಪನವರು ಸಿಕ್ಕ ಮೂರು ಮಾತನ್ನು ತಮಗೆ ತಿಳಿದಂತೆ ಜೋಡಿಸಿದರು. ಅವರ ಮುಖ ಬಿಳಿಚಿತು.

"ಚಂದೂ, ಕೆಟ್ಟಿವಿ. ಇದು ಬಿಟ್ರ ಎರಡು ವಾರಕ್ಕ ಆಪರೇಷನ್ ಆಗ್ತದಂತ!"

"ಏನಂದ್ರಿ?"

ಅವರು ಇನ್ನೂ ಜೋರಾಗಿ ಹೇಳಿದರು. "ಎರಡು ವಾರಕ್ಕ ಆಪರೇಷನ್!"

ಗೋಡೆಯ ಆಚೆ ಪಕ್ಕದ ಮನೆಯ ಹಲೀಮಾಬಿ ಬಟ್ಟೆ ಒಣಗಿಸುತ್ತಿದ್ದರು. ಅವರ ಕೈಯಲ್ಲಿದ್ದ ಚಾದರ ಅರ್ಧ ಹಗ್ಗದ ಮೇಲೆ, ಅರ್ಧ ನೆಲದ ಮೇಲೆ ಉಳಿಯಿತು. "ಹಾಯ್ ಅಲ್ಲಾ," ಎಂದವರೇ ಚಪ್ಪಲಿ ಮೆಟ್ಟಿ ಹೊರಟರು. ಓಣಿಯಲ್ಲಿ ಹನ್ನೊಂದು ಮನೆ. ಹಲೀಮಾಬಿಗೆ ಮೊಣಕಾಲು ನೋವಿತ್ತು. ಆದರೂ ಕಾಲು ಗಂಟೆಯಲ್ಲಿ ಮುಗಿಸಿದರು.

ಮಧ್ಯಾಹ್ನದ ಹೊತ್ತಿಗೆ ಜನ ಬರತೊಡಗಿದರು. ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ ಮಾಡುವ ಚಂದಮ್ಮನ ತಮ್ಮ ವಿವೇಕಾನಂದ ಎರಡು ಡಜನ್ ಎಳನೀರು ತಂದು ಬಾಗಿಲಲ್ಲಿ ಇಳಿಸಿದ. ಬಂದವರು ದೌಲಪ್ಪನವರನ್ನು ಮಂಚದ ಮೇಲೆ ಮಲಗಿಸಿದರು. ಮಲಗುವುದಕ್ಕೆ ಅವರದೇನೂ ಆಕ್ಷೇಪಣೆ ಇರಲಿಲ್ಲ.

"ಎಲ್ಲಿ ಅಂತ್ರಿ ಮಾವ, ಆಪರೇಷನ್?" ವಿವೇಕಾನಂದ ಕೇಳಿದ.

"ಗೊತ್ತಿಲ್ಲಪ. ಎಲ್ಲಿ ಅಂತ ಬರದಿಲ್ಲ."

"ಅಂದ್ರ ಎಲ್ಲಿ ಕೊಯ್ಯಬೇಕಂತ ಡಾಕ್ಟರಿಗೂ ಗೊತ್ತಿಲ್ಲ?"

"ಬಿಟ್ಟ ಮ್ಯಾಲ ಗೊತ್ತಾಗ್ತದ ಅನಸ್ತದ."

ವಿವೇಕಾನಂದ ಎದ್ದು ಹೊರಗೆ ಹೋಗಿ ಕಣ್ಣೊರೆಸಿಕೊಂಡ. ಒಳಗೆ ಹಲೀಮಾಬಿ ಚಂದಮ್ಮನ ಕೈ ಹಿಡಿದು ಕೂತಿದ್ದರು.

"ನೀ ಘಾಬ್ರಿ ಆಗಬ್ಯಾಡ ಚಂದಮ್ಮ. ನಮ್ಮ ಭಾಯಿಗಿ ಹಿಂಗೇ ಆಗಿತ್ತು. ಹೊಟ್ಟಿ ತಗದ್ರು, ನೋಡಿದ್ರು, ವಾಪಸ್ ಹೊಲದ್ರು. ಈಗ ಬಿರಿಯಾನಿ ತಿಂತಾನ."

"ಆಪಾ, ಇವರಿಗಿ ಏನೂ ಆಗಿಲ್ಲ. ಆ ಗುಳಿಗಿ ಬಿಟ್ರ ಆಗ್ತದಂತ ಇವರೇ ಹೇಳ್ಯಾರ."

"ಮತ್ತ ಬಿಡಬ್ಯಾಡ ಅನ್ನು!"

"ತಗೊಂಡ್ರ ತೇಗು ಬರ್ತದ್ರಿ."

"ತೇಗಿಗಿ ಯಾರ್ ಸತ್ತಾರ? ತೇಗಲಿ."

ಇದೇ ತೀರ್ಪಾಯಿತು. ದೌಲಪ್ಪನವರು ಮಂಚದ ಮೇಲಿನಿಂದಲೇ ಇನ್ನೊಂದು ಗುಳಿಗೆ ನುಂಗಿ ತೇಗಿದರು. ಕೂಡಿದವರೆಲ್ಲ ಸಮಾಧಾನದ ಉಸಿರು ಬಿಟ್ಟರು.

ಸೋಮವಾರ ಅವರು ಕಚೇರಿಗೆ ಹೋಗುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚಿನ ಬಸ್ಸಿಗೇ ಹೋಗಿತ್ತು. ಶಿರಸ್ತೇದಾರ ಯಶವಂತರಾಯರು ಹನ್ನೆರಡು ವರ್ಷದಲ್ಲಿ ಯಾರಿಗೂ ಒಂದು ದಿನ ರಜೆ ಸಲೀಸಾಗಿ ಕೊಟ್ಟವರಲ್ಲ. ಅವರೇ ಎದ್ದು ಬಂದು ದೌಲಪ್ಪನವರ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮ ರಜಾ ಅರ್ಜಿ ನಾನೇ ಬರದೀನಿ. ಸಹಿ ಒಂದು ಹಾಕ್ರಿ ಸಾಕು."

"ಸರ್, ನಾ ರಜಾ ಕೇಳೇ ಇಲ್ಲಲ್ರೀ."

"ಅದೇ ನಿಮ್ಮ ದೊಡ್ಡ ಗುಣ. ಚಾರ್ಜ್ ಶೀಲಾ ಅವರಿಗಿ ಕೊಟ್ಟಾಗ್ಯದ. ಬೀರೂದ ಕೀಲಿ ಕೊಟ್ಬಿಡ್ರಿ." ರಾಯರು ದನಿ ತಗ್ಗಿಸಿದರು. "ಹಂಗೇ ಆ ಎಂಬತ್ತೆಂಟನೇ ಇಸವಿ ಫೈಲ್ ಎಲ್ಲಿಟ್ಟೀರಿ, ಅದೊಂದು ಈಗೇ ಹೇಳಿಬಿಡ್ರಿ. ಮುಂದ ಹೆಂಗೋ ಏನೋ."

ಫೈಲು ಎಲ್ಲಿದೆಯೆಂದು ಹೇಳಿ ದೌಲಪ್ಪನವರು ಶೀಲಾಳ ಮೇಜಿನ ಬಳಿ ಹೋದರು. ಅವರಲ್ಲಿ ಉಳಿದಿದ್ದ ಗುಳಿಗೆ ಇನ್ನು ನಾಲ್ಕು ದಿನಕ್ಕೆ ಸಾಕು. ಆಮೇಲೆ ಬೇಡವೆಂದರೂ ಬಿಟ್ಟಂತೆಯೇ, ಬಿಟ್ಟರೆ ಎರಡು ವಾರ.

"ಶೀಲಾ, ಇನ್ನೊಂದು ಬಾಟ್ಲಿ ಬೇಕಾಗಿತ್ತು."

"ಅಯ್ಯ ಸರ್, ಆ ಕಂಪನಿ ಬಿಟ್ಟೆ ನಾನು. ಫೋನ್ ಎತ್ತವಲ್ರು. ಈಗ ಕುಕ್ಕರ್ ಕಂಪನಿ ಸೇರಿನಿ. ಕುಕ್ಕರ್ ಬೇಕೇನ್ರಿ?"

ದೌಲಪ್ಪನವರು ಮನೆಗೆ ಮರಳಿದರು. ಆ ವಾರ ಅವರು ಅನುಭವಿಸಿದ ದಣಿವು ಹಿಂದೆಂದೂ ಇರಲಿಲ್ಲ. ಆರಾಮಾಗಿ ಮಲಗಿ ಎಂದು ಹೇಳಲು ದಿನಕ್ಕೆ ಮೂವತ್ತು ಜನ ಬಂದು ಅವರನ್ನು ಎಬ್ಬಿಸುತ್ತಿದ್ದರು. ಒಬ್ಬರು ಕಷಾಯ ತಂದರು, ಒಬ್ಬರು ವಿಭೂತಿ ತಂದರು. ಎರಡನೇ ಓಣಿಯ ಯಾರೋ ಒಬ್ಬರು ಬಂದು, ಹತ್ತು ನಿಮಿಷ ಅವರನ್ನೇ ನೋಡಿ, ಒಂದು ಎಳನೀರು ಕುಡಿದು ಹೋದರು. ಬುಧವಾರದ ಹೊತ್ತಿಗೆ ಬಾಟಲಿಯಲ್ಲಿ ಮೂರೇ ಗುಳಿಗೆ ಇದ್ದವು. ಆಗ ಅವರಿಗೆ ಅಕ್ಕನ ಡಬ್ಬಿ ನೆನಪಾಯಿತು. ಅಕ್ಕ ದಿನಕ್ಕೆ ಎರಡರಂತೆ ತೆಗೆದುಕೊಂಡಿದ್ದರೆ ಅಲ್ಲಿ ಇನ್ನೂ ಇಪ್ಪತ್ತಾದರೂ ಇರಬೇಕು. ಕೇಳಿ ತಂದರೆ ಇನ್ನೊಂದು ವಾರ ಆಪರೇಷನ್ ಮುಂದೆ ಹೋಗುತ್ತದೆ. ಚಂದಮ್ಮ ಕಷಾಯ ಕುದಿಸುತ್ತಿದ್ದಾಗ ಬಾಟಲಿಯನ್ನು ಜೇಬಿಗೆ ತುರುಕಿ ಬಸ್ಸು ಹತ್ತಿದರು. ಆವತ್ತೂ ನಿಂತೇ ಹೋದರು.

ಅಕ್ಕನ ಮನೆಯಲ್ಲಿ ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಬಟ್ಟೆಯ ಚೀಲ, ಹಾಸಿಗೆಯ ಸುರುಳಿ, ಒಂದು ಉದ್ದನೆಯ ಲಕೋಟೆ ಸಿದ್ಧವಾಗಿದ್ದವು. ಭುವನೇಶ್ವರಿ ಸೀರೆ ಮಡಚುತ್ತಿದ್ದರು.

"ಬಂದೇನು ತಮ್ಮಾ? ನಾನೇ ನಿಮ್ಮಲ್ಲಿಗಿ ಬರೋಳಿದ್ದೆ. ನಿನ್ನ ಆಪರೇಷನ್ ಸುದ್ದಿ ಬಸ್ಸಿನವ್ರು ಹೇಳಿದ್ರು. ಒಂದು ಮಾತ ಅಕ್ಕಗ ಹೇಳಬಾರದೇನು?"

"ನನ್ನದು ಇನ್ನೂ ಆಗಿಲ್ಲ ಬಿಡು. ನೀ ಎಲ್ಲಿ ಹೊಂಟಿ?"

ಭುವನೇಶ್ವರಿ ಸೀರೆಯ ಕಡೆಯೇ ನೋಡುತ್ತ ಹೇಳಿದರು. "ಪಿತ್ತಕೋಶದಾಗ ಕಲ್ಲು ಆಗ್ಯಾವಂತ. ನಾಡದ್ದು ಶುಕ್ರವಾರ ಕಲಬುರಗಿಯಾಗ ಆಪರೇಷನ್."

"ಅಕ್ಕ! ನನಗ ಯಾಕ ಹೇಳಿಲ್ಲ?"

"ಹೇಳಿದ್ರ ರಿಪೋರ್ಟ್ ಕೊಡು ಓದ್ತಿನಿ ಅಂತಿದ್ದಿ. ಅದಕ್ಕ ಹೇಳಿಲ್ಲ."

ದೌಲಪ್ಪನವರು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಮೆಲ್ಲಗೆ ಕೇಳಿದರು. "ಆ ಗುಳಿಗಿ ಯಾವಾಗ ಬಿಟ್ಟಿ?"

"ಬಿಟ್ಟೇ ಇಲ್ಲ. ಇವತ್ತೂ ಮುಂಜಾನಿ ತಗೊಂಡಿನಿ. ನೀ ಪ್ರೀತಿಲಿಂದ ಕೊಟ್ಟೀದಿ, ಬಿಡ್ತಿನೇನು?"

ದೌಲಪ್ಪನವರ ಲೆಕ್ಕ ಇಲ್ಲಿ ಮುರಿದುಬಿತ್ತು. ಬಿಟ್ಟರೆ ಎರಡು ವಾರಕ್ಕೆ ಆಪರೇಷನ್. ಅಕ್ಕ ಬಿಟ್ಟಿಲ್ಲ, ಆದರೂ ಎರಡೇ ದಿನಕ್ಕೆ ಆಪರೇಷನ್. ಹಾಗಾದರೆ ಬಿಡದೇ ಇದ್ದರೆ ಇನ್ನೂ ಬೇಗ ಆಗುತ್ತದೆಯೇ? ಅವರು ಬಾಟಲಿ ತೆಗೆದು ಬಾಗಿಲ ಬೆಳಕಿಗೆ ಹಿಡಿದರು. ಇರುವೆಗಳು ಅತ್ತಿತ್ತ ಹರಿದವು. ಕಣ್ಣು ಕಿರಿದು ಮಾಡಿದರು, ಕತ್ತು ಹೊರಳಿಸಿದರು. ಏನೂ ಕಾಣಲಿಲ್ಲ. ತಮ್ಮ ಸಲುವಾಗಿ ಮಲಗಿದ್ದ ನಾಲ್ಕು ದಿನದಲ್ಲಿ ಅವರಿಗೆ ಬಾರದ ಭಯ ಈಗ ಬಂತು.

"ಏಳಕ್ಕ. ಡಾಕ್ಟರ್ ಹತ್ರ ಹೋಗಮ್ಮು. ಈಗೇ."

"ನಾಳಿ ಬಾ ಅಂದಾರಲ್ಲೋ."

"ಏಳು ಅಂದೆ!"

ತಮ್ಮ ಹೀಗೆ ಗದರಿದ್ದನ್ನು ಭುವನೇಶ್ವರಿ ಎಂದೂ ಕೇಳಿರಲಿಲ್ಲ. ಸೀರೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಒಂದು ಕೈಯಲ್ಲಿ ಆನೆಯ ಬಾಟಲಿ, ಇನ್ನೊಂದರಲ್ಲಿ ಉಪ್ಪಿನಕಾಯಿ ಡಬ್ಬಿ ಹಿಡಿದು ದೌಲಪ್ಪನವರು ಬಸ್ಸಿನಲ್ಲಿ ಅಕ್ಕನ ಪಕ್ಕ ಕೂತರು. ಆವತ್ತು ನಿದ್ದೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೌಸರ್ ಮಧ್ಯಾಹ್ನದ ಕೊನೆಯ ರೋಗಿಯನ್ನು ಕಳಿಸಿ ಏಳುವುದರಲ್ಲಿದ್ದರು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮಹಿಳಾ ಸರ್ಜನ್. ದೌಲಪ್ಪನವರು ಬಾಟಲಿ, ಡಬ್ಬಿ ಎರಡನ್ನೂ ಮೇಜಿನ ಮೇಲಿಟ್ಟರು. ಡಾಕ್ಟರು ಬಾಟಲಿ ತಿರುಗಿಸಿದರು. ಓದಿದರು. ಇನ್ನೊಮ್ಮೆ ಓದಿದರು. ಕುರ್ಚಿಯನ್ನು ಮುಂದೆ ಎಳೆದುಕೊಂಡರು.

"ಇದು ಯಾರು ತಗೊಳ್ಳಿಕತ್ತಾರ?"

"ನಾನ್ರಿ," ಎಂದರು ದೌಲಪ್ಪ. "ನಾನೂ," ಎಂದರು ಭುವನೇಶ್ವರಿ.

"ಅಮ್ಮಾ, ಬ್ಯಾರೆ ಯಾವ್ದರ ಗುಳಿಗಿ, ಔಷಧ ತಗೋತೀರೇನು ಅಂತ ನಾ ಮೂರು ಸಲ ಕೇಳಿದ್ದೆ. ಇಲ್ಲ ಅಂದಿದ್ರಿ."

"ನೀವು ಔಷಧ ಕೇಳಿದ್ರಿ. ಇದು ಔಷಧ ಅಲ್ಲಲ್ರೀ. ಅದಕ್ಕಿಂತ ಮ್ಯಾಲಿಂದಂತ ನಮ್ಮ ತಮ್ಮ ಹೇಳ್ಯಾನ."

ಡಾಕ್ಟರ್ ಕೌಸರ್ ತಮ್ಮನ ಕಡೆ ನೋಡಿದರು. ತಮ್ಮ ಫ್ಯಾನಿನ ಕಡೆ ನೋಡಿದರು.

"ಇದರಾಗಿನ ಕೆಲವು ಬೇರು ರಕ್ತ ಹೆಪ್ಪುಗಟ್ಟೋದು ತಡ ಮಾಡಬಹುದು. ಹಿಂಗಾಗಿ ಆಪರೇಷನ್ ಇದ್ದವ್ರು ಎರಡು ವಾರ ಮೊದಲೇ ನಿಲ್ಲಿಸ್ರಿ ಅಂತ ಇಲ್ಲೇ ಬರದಾರ. ಶುಕ್ರವಾರ ನಾ ಗೊತ್ತಿಲ್ದೆ ಕೈ ಹಾಕಿದ್ರ, ರಕ್ತ ನಿಲ್ಲಸೋದು ಕಷ್ಟ ಆಗಬಹುದಿತ್ತು." ಅವರು ಕ್ಯಾಲೆಂಡರಿನ ಹಾಳೆ ತಿರುವಿದರು. "ಅಮ್ಮಾ, ಇವತ್ತಿಂದ ಇದನ್ನ ಬಿಟ್ಟುಬಿಡ್ರಿ. ಎರಡು ವಾರಕ್ಕ ಆಪರೇಷನ್ ಮಾಡೋಣ."

ದೌಲಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. "ಮೇಡಂ! ನಾ ಇದನ್ನೇ ಹೇಳಿದ್ದೆ! ಬಿಟ್ರ ಎರಡು ವಾರಕ್ಕ ಆಪರೇಷನ್ ಅಂತ! ಓಣಿ ಮಂದಿ ಎಲ್ಲಾ ಸಾಕ್ಷಿ ಅದಾರ!"

ಡಾಕ್ಟರು ಬಹಳ ಹೊತ್ತು ಅವರನ್ನು ನೋಡಿದರು. ದಿನವಿಡೀ ರೋಗಿಗಳನ್ನು ನೋಡಿ ದಣಿದವರು ನೋಡುವ ನೋಟ ಅದು. ದೌಲಪ್ಪನವರು ಅದನ್ನು ಕಂಡೊಡನೆ ಗುರುತು ಹಿಡಿದು, ಮೆಲ್ಲಗೆ ಕೂತರು. ಅವರಿಗೆ ಯಾವ ಆಪರೇಷನ್ನೂ ಇಲ್ಲ, ಗುಳಿಗೆಯನ್ನು ಇಂದೇ ಬಿಡಬಹುದು, ಬಿಟ್ಟರೆ ತೇಗು ಹೋಗುತ್ತದೆಯೇ ಹೊರತು ಬೇರೇನೂ ಆಗದು ಎಂದು ಡಾಕ್ಟರು ತಿಳಿಸಿ ಹೇಳಿದರು. ದಣಿವಿಗೆ ರಕ್ತ ಪರೀಕ್ಷೆ ಬರೆದುಕೊಟ್ಟರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಕ್ಕ ಏನೂ ಬೈಯಲಿಲ್ಲ. ಸೆರಗಿನಿಂದ ತಮ್ಮನ ಹಣೆಯ ಬೆವರು ಒರೆಸಿ, "ಮಾರಿ ಎಷ್ಟು ಸಣ್ಣದು ಮಾಡ್ಕೊಂಡಿ, ನಾ ಇನ್ನೂ ಇದ್ದೀನಲ್ಲ" ಎಂದರು. ಬೈದಿದ್ದರೇ ಚೆನ್ನಾಗಿತ್ತು ಎಂದು ದೌಲಪ್ಪನವರಿಗೆ ಅನ್ನಿಸಿತು.

ಓಣಿಯವರಿಗೆ ಮಾತ್ರ ಈ ಸಮಾಚಾರ ರುಚಿಸಲಿಲ್ಲ. ಆಪರೇಷನ್ ಇಲ್ಲವೆಂದರೆ ಡಾಕ್ಟರೇ ಕೈಬಿಟ್ಟಿದ್ದಾರೆಂದು ವಿವೇಕಾನಂದ ಇನ್ನೂ ಒಂದು ಡಜನ್ ಎಳನೀರು ಕಳಿಸಿದ. ದೌಲಪ್ಪ ಮರುದಿನವೇ ಕೆಲಸಕ್ಕೆ ಬಂದದ್ದನ್ನು ಕಂಡು ಶಿರಸ್ತೇದಾರರು ಒಂದು ಗಂಟೆ ನಿಯಮಾವಳಿ ಹುಡುಕಿದರು. ಒಮ್ಮೆ ಕೊಟ್ಟ ರಜೆಯನ್ನು ವಾಪಸು ಪಡೆಯುವ ನಮೂನೆ ಯಾವುದೆಂದು ಅವರಿಗೂ ಗೊತ್ತಿರಲಿಲ್ಲ.

ಎರಡು ವಾರಕ್ಕೆ ಭುವನೇಶ್ವರಿಯವರ ಆಪರೇಷನ್ ಸುಸೂತ್ರವಾಗಿ ಆಯಿತು. ಮೂರನೇ ದಿನ ಮನೆಗೆ ಬಿಡುವಾಗ ಚಂದಮ್ಮ, ಹಲೀಮಾಬಿ ಇಬ್ಬರೂ ಬಂದಿದ್ದರು. ನರ್ಸ್ ಅಂಬಿಕಾ ಒಂದು ಹಾಳೆ ತಂದು ಕೋಣೆಯಲ್ಲಿದ್ದ ಒಬ್ಬನೇ ಗಂಡಸಿನ ಕೈಗೆ ಕೊಟ್ಟಳು.

"ಮನ್ಯಾಗ ಏನು ತಿನ್ಬೇಕು, ಯಾವ ಗುಳಿಗಿ ಯಾವಾಗ, ಎಲ್ಲಾ ಬರದದ. ಓದ್ಕೋರಿ ಅಣ್ಣಾರ."

ಮೂರು ಹೆಂಗಸರೂ ದೌಲಪ್ಪನವರನ್ನು ನೋಡಿದರು. ಅವರು ಅಭ್ಯಾಸದಂತೆ ತೋಳು ಚಾಚಿದರು. ಹುಬ್ಬು ಗಂಟಿಕ್ಕಿದರು. "ಹೂಂ" ಎಂದು ಒಮ್ಮೆ ಹೇಳಿದರು. ಎರಡನೆಯ ಸಲ ಹೇಳಲು ಬಾಯಿ ತೆರೆದವರು ಹಾಗೇ ನಿಂತರು. ಮಂಚದ ಮೇಲೆ ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದರು.

"ನನಗ ಕಾಣವಲ್ದು ಸಿಸ್ಟರ್," ಎಂದರು. "ಐದು ವರ್ಷ ಆತು, ಸಣ್ಣಕ್ಷರ ಒಂದೂ ಕಾಣಂಗಿಲ್ಲ. ನೀವೇ ಓದಿ ಹೇಳ್ರಿ."

ಚಂದಮ್ಮ ಗಂಡನನ್ನು ನೋಡಿದರು. ಹಲೀಮಾಬಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು, ಹನ್ನೊಂದು ಮನೆಯ ಸುದ್ದಿ ಬಾಯಲ್ಲಿ ಬಂದು ತುಂಬಿತ್ತು. ಆದರೆ ಅಂಬಿಕಾ ಓದತೊಡಗಿದ್ದರಿಂದ ಯಾರೂ ಕದಲಲಿಲ್ಲ.

ಹಾಳೆಯಲ್ಲಿದ್ದದ್ದು ಒಂಬತ್ತು ಸಾಲು. ದೌಲಪ್ಪನವರು ಪ್ರತಿ ಸಾಲನ್ನೂ ಎರಡೆರಡು ಸಲ ಓದಿಸಿದರು. ಊಟಕ್ಕ ಮೊದಲೋ ಆಮ್ಯಾಲೋ ಎಂದು ಕೇಳಿದರು. ಎರಡು ಅಂದರೆ ಒಮ್ಮಿಗೇ ಎರಡೋ, ಒಂದೊಂದೋ ಎಂದು ಕೇಳಿದರು. ತಿಳಿಯದ ಒಂದು ಪದ ಬಂದಾಗ ತಡೆದು, "ಇದರ ಅರ್ಥ ನನಗ ಗೊತ್ತಿಲ್ಲ, ಏನು ಹೇಳ್ರಿ" ಎಂದರು. ಅಂಬಿಕಾ ಅದನ್ನೂ ಬಿಡಿಸಿ ಹೇಳಿದಳು. ಕಾಲು ಗಂಟೆ ಹಿಡಿಯಿತು. ಕೊನೆಗೆ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಅಕ್ಕನನ್ನು ಎಬ್ಬಿಸಲು ಕೈ ಕೊಟ್ಟರು.

ಭುವನೇಶ್ವರಿ ಹೊಲಿಗೆ ನೋಯದಂತೆ ನಿಧಾನಕ್ಕೆ ಎದ್ದು ತಮ್ಮನ ಹೆಗಲು ಹಿಡಿದುಕೊಂಡರು.

"ಇಷ್ಟು ಚಂದ ನೀ ಯಾವತ್ತೂ ಓದಿರಲಿಲ್ಲ ನೋಡು ತಮ್ಮಾ."